ಜೊವಿಟಾಳ ಬಾಯಿಗೆ ಕಟ್ಟಿದ ಪಟ್ಟಿ

ಇಲೊಯ್ಲೊ ಊರಿನಲ್ಲಿ ಜೀಪ್ನಿ ಎಂಬ ಬಾಡಿಗೆ ಗಾಡಿಗಳ ನಿಲ್ದಾಣದಲ್ಲಿ ಜೊವಿಟಾ ಕೂಗಿದರೆ ಮೀನುಪೇಟೆಯ ಬೆಕ್ಕೂ ತಲೆಯೆತ್ತುತ್ತಿತ್ತು. "ಮೊಲೊ, ಮೊಲೊ! ಇನ್ನೂ ಇಬ್ರಿಗೆ ಜಾಗ ಇದೆ, ಸ್ವಲ್ಪ ಸರ್ಕೊಳ್ರೀ!" ಎಂದು ಮೊಲೊಗೆ ಹೋಗುವ ಗಾಡಿಗೆ ಜನ ತುಂಬಿಸುವುದೇ ಅವಳ ಉದ್ಯೋಗ. ಅಂಥ ಬಾಯಿ ಮುಚ್ಚಿಸಿದ್ದು ಬಿಪಿ ಪಟ್ಟಿಯ ಒಂದು ರಬ್ಬರ್ ಬುರುಡೆ.

ಪಟ್ಟಿ ಅವಳ ಅತ್ತೆ ಪ್ಯೂರಿಂಗಳದು. ಮೂರು ದಿನ ತರಬೇತಿ ಪಡೆದು ಬಡಾವಣೆಯ ಆರೋಗ್ಯ ಸ್ವಯಂಸೇವಕಿಯಾದವಳು ಅದನ್ನು ಕೊರಳಿಗೆ ಹಾಕಿಕೊಂಡು ಬಿಷಪ್ಪರ ಹಾಗೆ ಓಡಾಡುತ್ತಿದ್ದಳು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ; ಈಕೆ ಊಟಕ್ಕೆ ಕೂತರೂ ಪಟ್ಟಿ ತೆಗೆಯುತ್ತಿರಲಿಲ್ಲ. ಬುರುಡೆ ಒತ್ತುವುದು, ಬುರುಡೆ ಬಿಡುವುದು, ಎರಡೂ ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಆ ಊರಲ್ಲಿ ರಕ್ತದೊತ್ತಡಕ್ಕೂ ಸಿಟ್ಟಿಗೂ ಒಂದೇ ಹೆಸರು: ಹೈಬ್ಲಡ್. ಇಪ್ಪತ್ತೆಂಟರ ಜೊವಿಟಾಳ ಬಿಪಿ ಇನ್ನೂರು ದಾಟಿದ ದಿನ ಪ್ಯೂರಿಂಗ್ ತೀರ್ಪು ಕೊಟ್ಟೇಬಿಟ್ಟಳು. "ನಿನ್ ಬಾಯೇ ನಿನ್ ಕಾಯಿಲೆ ಕಣೇ ಇಂದಾಯ್, ಕೂಗೋದು ಬಿಡು." ಸೊಸೆಯನ್ನು ಮುದ್ದಿಗೂ ಬೈಗುಳಕ್ಕೂ ಅವಳು ಇಂದಾಯ್ ಎಂದೇ ಕರೆಯುತ್ತಿದ್ದಳು; ಸೊಸೆಗೆ ಅವಳು ನಾನಾಯ್, ಅಂದರೆ ಅಮ್ಮ. ಕೂಗುವ ಕೆಲಸ ಹೋಯಿತು.

ಗಂಡ ಅರ್ಸಿಂಗನಿಗೆ ಇದು ವರವಾಯಿತು. ಹೆಂಡತಿಯ ತವರಿನ ಹೊಲಿಗೆ ಯಂತ್ರ ಕೊಟ್ಟು ಪಂದ್ಯದ ಹುಂಜ ತಂದ. ಅವಳು ಬಾಯಿ ತೆರೆಯುವಷ್ಟರಲ್ಲಿ, "ನೋಡು ನೋಡು, ಹೈಬ್ಲಡ್ ಆಯ್ತು ನಿಂಗೆ!" ಎನ್ನುವನು. ಅತ್ತೆ ಪಟ್ಟಿ ಸುತ್ತುವಳು, ನೂರ ತೊಂಬತ್ತು ಎನ್ನುವಳು, ಹಸಿ ಬೆಳ್ಳುಳ್ಳಿ ತಿನ್ನಿಸುವಳು. ಹುಂಜ ಮೊದಲ ಪಂದ್ಯದಲ್ಲೇ ಸತ್ತು ಸಾರಾಯಿತು. ಥೂ, ಅದನ್ನೂ ಅವಳೇ ಬೇಯಿಸಬೇಕಾಯಿತು. ಆರು ವರ್ಷ ನಾಲ್ಕು ಬಗೆಯ ಮಾತ್ರೆ ನುಂಗಿ ತೆಪ್ಪಗಿದ್ದಳು, ಬಿಪಿ ಇಳಿಯಲಿಲ್ಲ. ಮಾತೇ ಆಡದವಳಿಗೆ ಬಾಯಿಂದ ಕಾಯಿಲೆ ಹೇಗೆ ಬಂತೆಂದು ಆ ಬುದ್ಧಿವಂತರಲ್ಲಿ ಒಬ್ಬರೂ ಕೇಳಲಿಲ್ಲ.

ಕೊನೆಗೆ ಕಣ್ಣು ಮಂಜಾಗಿ ಆಸ್ಪತ್ರೆ ಸೇರಿದಳು. "ಸಿಟ್ಟು ಜಾಸ್ತಿ ಡಾಕ್ಟ್ರೇ," ಎಂದಳು ಅತ್ತೆ. ಗಿಮೋರೊ ಎಂಬ ಕಿರಿಯ ಡಾಕ್ಟರಮ್ಮ ಸ್ಟೆತಸ್ಕೋಪನ್ನು ಜೊವಿಟಾಳ ಹೊಟ್ಟೆಯ ಮೇಲಿಟ್ಟಳು. ಒಳಗೆ ಬುಸ್ ಬುಸ್ ಸದ್ದು; ಕಿಡ್ನಿಗೆ ಹೋಗುವ ರಕ್ತನಾಳ ಎಲ್ಲೋ ಕಿರಿದಾಗಿರಬೇಕೆಂದು ಅವಳಿಗೆ ಅನುಮಾನ ಬಂತು.

ತೊಡೆಸಂದಿಯಿಂದ ನಳಿಗೆ ತೂರಿಸಿ, ಬಣ್ಣ ಬಿಟ್ಟು ಚಿತ್ರ ತೆಗೆದರು. ಕಿಡ್ನಿಯ ರಕ್ತನಾಳ ಹೆಚ್ಚುಕಡಿಮೆ ಸರಿಯಾಗೇ ಕಂಡಿತು. "ಅಂಥದ್ದೇನಿಲ್ಲ, ಟೆನ್ಷನ್ ಅಷ್ಟೇ," ಎಂದು ಹಿರಿಯ ಡಾಕ್ಟರು ಕೈಗವಸು ಬಿಚ್ಚಿದರು. ಎಚ್ಚರವಾಗಿಯೇ ಮಲಗಿದ್ದ ಜೊವಿಟಾಳಿಗೆ ಇಲ್ಲೂ ಅದೇ ರಾಗವೇ ಎಂದು ಅಳು ಬಂತು.

"ನೆರಳು ನೋಡಿದ್ದು ಸಾಕು ಸರ್, ಒಳಗೇ ಹೋಗಿ ನೋಡೋಣ," ಎಂದಳು ಗಿಮೋರೊ. ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ಸಣ್ಣ ನಳಿಗೆಯನ್ನು ನಾಳದೊಳಕ್ಕೇ ಇಳಿಸಿದಳು. ಪರದೆಯ ಮೇಲೆ, ರಕ್ತದ ದಾರಿಗೆ ಅಡ್ಡವಾಗಿ, ಗಂಜಿಯ ಕೆನೆಯಂಥ ತೆಳು ಪೊರೆಗಳು ಒಂದರ ಹಿಂದೊಂದು ಕಂಡವು.

"ಕಂಡ್ತೇನಮ್ಮಾ? ಕಿಡ್ನಿಗೆ ರಕ್ತ ಸಾಲ್ತಿಲ್ಲ, ಇನ್ನೂ ಬೇಕು ಅಂತ ಅದೇ ಒತ್ತಡ ಏರಿಸ್ತಿದೆ. ನಿನ್ ಬಾಯಿಗೂ ಇದಕ್ಕೂ ಸಂಬಂಧ ಇಲ್ಲ."

ನಾಳದೊಳಗೇ ಸಣ್ಣ ಬಲೂನು ಉಬ್ಬಿಸಿ ಪೊರೆಗಳನ್ನು ಹರಿದರು.

ಎರಡು ತಿಂಗಳ ಮೇಲೆ ಒಂದು ಭಾನುವಾರ, ಇಗರ್ಜಿಯಿಂದ ಬಂದ ಜನ ಪ್ಯೂರಿಂಗಳ ಜಗಲಿಯಲ್ಲಿ ಬಿಪಿ ನೋಡಿಸಲು ಸಾಲು ನಿಂತಿದ್ದರು. "ಎಲ್ಲಾ ನನ್ ಬೆಳ್ಳುಳ್ಳಿ ಮಹಿಮೆ. ನೋಡಿ, ಹೇಗೆ ತಣ್ಣಗಾಗಿದಾಳೆ ನನ್ ಸೊಸೆ!"

ಜೊವಿಟಾ ಸೌಟು ಕೆಳಗಿಟ್ಟು ಹೊರಬಂದಳು. ಹೊಲಿಗೆ ಯಂತ್ರ, ಹುಂಜ, ಬೆಳ್ಳುಳ್ಳಿ, ಆರು ವರ್ಷ, ಒಂದನ್ನೂ ಬಿಡದೆ ಜೀಪ್ನಿ ನಿಲ್ದಾಣದ ಗಂಟಲಿನಲ್ಲಿ ಕಾಲು ಗಂಟೆ ಉಗಿದಳು. ಅರ್ಸಿಂಗ್ ಹಿತ್ತಲಿಗೆ ಜಾರಿದ.

"ಹೈಬ್ಲಡ್ ಆಗುತ್ತೆ ಇಂದಾಯ್!"

"ಆಗ್ಲಿ ನಾನಾಯ್. ಕಟ್ಟಿ ಪಟ್ಟಿ."

ಅತ್ತೆ ಬುರುಡೆ ಒತ್ತಿದಳು. ನೂರಿಪ್ಪತ್ತೆಂಟು. ಇನ್ನೊಂದು ತೋಳಿಗೆ ಕಟ್ಟಿದಳು. ನೂರಿಪ್ಪತ್ತಾರು.

"ಮೆಷಿನ್ ಕೆಟ್ಟಿದೆ," ಎಂದಳು.

ಸಾಲಿನ ಮುಂದಿದ್ದ ಮುದುಕ ಚಾಚಿದ್ದ ತೋಳನ್ನು ಹಿಂದಕ್ಕೆಳೆದುಕೊಂಡ. "ಹಾಗಾದ್ರೆ ಎಂಟು ವರ್ಷದಿಂದ ನಂಗೆ ಹಂದಿಮಾಂಸ ಬಿಡಿಸಿದ್ದು ಇದೇ ಮೆಷಿನ್ನೇನಮ್ಮಾ?"

ಉತ್ತರಕ್ಕೆ ಜೊವಿಟಾ ಕಾಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ನಿಲ್ದಾಣದ ಕಡೆ ಹೊರಟಳು.