ಫುಟ್‌ಪಾತಿಗೆ ಕುರ್ಚಿ ಹಾಕಿದ ಬೀದಿ

ಎರಡು ಸಾವಿರದ ಐದೋ ಆರೋ ಇರಬೇಕು. ಸಿಡ್ನಿಯ ಪಶ್ಚಿಮದ ಒಂದು ಸಬರ್ಬಿನಲ್ಲಿ ಬಾಡಿಗೆಗಿದ್ದೆವು. ರೆಂಟ್ ಕಮ್ಮಿ ಅನ್ನುವುದೊಂದೇ ಆ ಬೀದಿಯ ಆಕರ್ಷಣೆ. ಒಂದು ಭಾನುವಾರ ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಹೊರಗೆ ಢಂ, ಢಂ, ಢಂ ಎಂದು ಮೂರು ಸದ್ದಾಯಿತು. ಮೈಸೂರು ಬಿಟ್ಟ ಮೇಲೆ ಪಟಾಕಿ ಸದ್ದನ್ನೇ ಕೇಳಿರದ ನಾನು ಸೌಟು ಹಿಡಿದೇ ಬಾಗಿಲಿಗೆ ಓಡಿದೆ.

"ರೀ, ಬನ್ನಿ ಇಲ್ಲಿ! ಯಾರೋ ಲಕ್ಷ್ಮೀ ಪಟಾಕಿ ಹೊಡೀತಿದಾರೆ!"

ನನ್ನ ಗಂಡ ಬಂದವರೇ ಜಡೆ ಹಿಡಿದು ನನ್ನನ್ನು ನೆಲಕ್ಕೆಳೆದರು. "ಪಟಾಕಿ ಅಲ್ಲ ಕಣೇ, ಗನ್ನು! ಬಗ್ಗು!" ಹತ್ತು ವರ್ಷದ ಸಂಸಾರದಲ್ಲಿ ಅವರು ನನ್ನ ಜಡೆ ಮುಟ್ಟಿದ್ದು ಅದೇ ಮೊದಲು.

ಕಾರಿನಲ್ಲಿ ಬಂದ ಯಾರೋ ಎದುರುಮನೆಗೆ ಗುಂಡು ಹಾರಿಸಿ ಹೋಗಿದ್ದರು. ಗ್ಯಾರೇಜಿನ ಬಾಗಿಲಿಗೆ ಮೂರು ತೂತು. ಪುಣ್ಯಕ್ಕೆ ಯಾರಿಗೂ ಏಟಾಗಿರಲಿಲ್ಲ. ಆ ಮನೆಯಲ್ಲಿದ್ದವರು ನರ್ಸಿಂಗ್ ಹೋಮಿನಲ್ಲಿ ಬಟ್ಟೆ ಒಗೆಯುವ ಕೆಲಸದ ಒಬ್ಬ ಹೆಂಗಸು, ಆಕೆಯ ಇಪ್ಪತ್ತರ ಮಗ.

ವಿಚಾರಣೆಗೆ ಬಂದ ಪೊಲೀಸ್ ಹುಡುಗಿ ಸದ್ದು ಹೇಗಿತ್ತೆಂದು ಕೇಳಿದಳು. "ಲಕ್ಷ್ಮೀ ಪಟಾಕಿ ಥರ" ಎಂದೆ. ಲಕ್ಷ್ಮೀ ಯಾರು, ಎಲ್ಲಿದ್ದಾಳೆ ಎಂದು ಪೆನ್ನು ತೆಗೆದಳು. ಸಂಪತ್ತಿನ ದೇವತೆ, ಈ ಬೀದಿಗೆ ಯಾವತ್ತೂ ಬಂದವಳಲ್ಲ ಎಂದು ವಿವರಿಸಬೇಕಾಯಿತು.

ಅವತ್ತಿನಿಂದ ಬೀದಿಯ ಕರ್ಟನ್‌ಗಳೆಲ್ಲ ಮುಚ್ಚಿಕೊಂಡವು. "ಈ ಬೀದಿ ಬಿಟ್ಟು ರೌಸ್ ಹಿಲ್ ಕಡೆ ಮನೆ ಮಾಡೋಣ ಕಣೇ" ಎಂದು ನನ್ನವರು ಶುರುಮಾಡಿದರು. ಅಷ್ಟರಲ್ಲಿ ಮೂಲೆಮನೆಯ ಮುದುಕ, ಬಸ್ ಡ್ರೈವರಾಗಿ ರಿಟೈರಾದವನು, ಒಂದು ಸಂಜೆ ಫುಟ್‌ಪಾತಿನಲ್ಲಿ ಮಡಚುವ ಕುರ್ಚಿ ಹಾಕಿ ಕೂತ. ಯಾಕೆಂದು ವಿಚಾರಿಸಿದರೆ, "ಬೀದಿ ಖಾಲಿ ಇದ್ರೆ ಅವರು ಮತ್ತೆ ಬರ್ತಾರೆ. ನಾನಂತೂ ಇಲ್ಲೇ ಇರ್ತೀನಿ" ಎಂದ. ಮರುದಿನ ಪಕ್ಕದ ಮನೆಯ ವಿಯೆಟ್ನಾಂ ದಂಪತಿ ಕೂತರು. ಮೂರನೆಯ ದಿನ ನಾನು ಮೆಣಸಿನಕಾಯಿ ಬಜ್ಜಿ ಹೊತ್ತು ಹೋದೆ. ಮುದುಕ ಒಂದು ಕಚ್ಚಿ, ಕಣ್ಣಲ್ಲಿ ನೀರು ಸುರಿಸುತ್ತಾ, "ಆ ಗನ್ನಿನವರಿಗೆ ಇದನ್ನ ಕೊಡಮ್ಮ, ತಾವಾಗೇ ಶರಣಾಗ್ತಾರೆ" ಎಂದ. ಎರಡು ವಾರದಲ್ಲಿ ಹನ್ನೊಂದು ಕುರ್ಚಿಗಳಾದವು.

ಎದುರುಮನೆಯವಳು ಮಾತ್ರ ಬರಲಿಲ್ಲ. ಅವಳ ಮಗನ ಸಹವಾಸದಿಂದಲೇ ಇದೆಲ್ಲ ಎಂದು ಎಲ್ಲರೂ ಆಡಿಕೊಂಡೆವು. ನಾನೂ ಆಡಿದೆ. ಆಮೇಲೆ ನಾಚಿಕೆಯಾಗಿ ಒಂದು ಸಂಜೆ ತಟ್ಟೆ ಹಿಡಿದು ರಸ್ತೆ ದಾಟಿದೆ. ಬಾಗಿಲು ಅಂಗೈಯಗಲ ತೆರೆಯಿತು.

"ನನ್ನಿಂದ ನಿಮಗೆಲ್ಲ ತೊಂದರೆ" ಎಂದಳು.

ಸಮಾಧಾನದ ಮಾತು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಒಂದೂ ನೆನಪಿಗೆ ಬರಲಿಲ್ಲ. "ನಿಮ್ಮನೇಲಿ ಕುರ್ಚಿ ಇದೆಯಾ? ನಮಗೆ ಸಾಲ್ತಾ ಇಲ್ಲ" ಎಂದುಬಿಟ್ಟೆ.

ಆಕೆ ಊಟದ ಮೇಜಿನ ಕುರ್ಚಿಯನ್ನೇ ಎತ್ತಿಕೊಂಡು ಬಂದಳು. ಮುದುಕ ಜರುಗಿ ಜಾಗ ಮಾಡಿದ. ಕೂತವಳೇ ಅತ್ತುಬಿಟ್ಟಳು. ಗುಂಡು ಹಾರಿಸಿದವರು ಯಾರೆಂದು ಅವಳಿಗೆ ಗೊತ್ತಿತ್ತು, ಒಬ್ಬಳೇ ಪೊಲೀಸರ ಹತ್ತಿರ ಹೋಗಲು ಭಯ. ಮರುದಿನ ಐದು ಜನ ಅವಳ ಜೊತೆ ಸ್ಟೇಷನ್ನಿಗೆ ಹೋದೆವು. ಅಷ್ಟೂ ಜನ ದೂರು ಕೊಡಲು ಬಂದಿದ್ದಾರೆಂದುಕೊಂಡು ಅಲ್ಲಿದ್ದ ಪೊಲೀಸಿನವನು ಆರು ಫಾರಂ ಕೊಟ್ಟ.

ಒಂದಿಬ್ಬರನ್ನು ಹಿಡಿದರು. ಪೊಲೀಸರಿಗೆ ಹೇಳಿದಳೆಂದು ಮಗ ತಿಂಗಳುಗಟ್ಟಲೆ ಅಮ್ಮನ ಹತ್ತಿರ ಮಾತು ಬಿಟ್ಟ. ಆಮೇಲೆ ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿದ್ದ ಚಿಕ್ಕಮ್ಮನ ಮನೆ ಸೇರಿ ಟೈಲ್ಸ್ ಕೆಲಸ ಕಲಿತ. ಎರಡು ಬೀದಿ ಆಚೆ ಮತ್ತೊಮ್ಮೆ ಗುಂಡು ಹಾರಿತು, ಹಾಗಾಗಿ ನಾವೇ ಎಲ್ಲ ನಿಲ್ಲಿಸಿದೆವೆಂದು ಜಂಬ ಕೊಚ್ಚಿಕೊಳ್ಳಲಾರೆ. ನಾವಂತೂ ಇನ್ನೂ ಮೂರು ವರ್ಷ ಅಲ್ಲೇ ಇದ್ದೆವು.

ಒಂದು ಕ್ರಿಸ್‌ಮಸ್‌ಗೆ ಆ ಮಗ ಬಂದು ಅಮ್ಮನ ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಕೊಟ್ಟ. ತೋರಿಸಲು ಆಕೆ ಎಲ್ಲರನ್ನೂ ಕರೆದಳು. ಆ ಇಕ್ಕಟ್ಟಿನಲ್ಲಿ ಏಳು ಜನ ಒತ್ತಿಕೊಂಡು ನಿಂತು ಹೊಗಳಿದೆವು. ನಲ್ಲಿಯ ಪಕ್ಕದ ಸಾಲು ಸೊಟ್ಟಗಿತ್ತು, ಯಾರೂ ಬಾಯಿಬಿಡಲಿಲ್ಲ.