ಹನ್ನೆರಡು ವೋಲ್ಟಿನ ಪ್ರಾರ್ಥನೆ

ಅದು ಎಂದಿನಂಥ ಸೋಮವಾರ. ಕಾಗದನಗರದ ನಮ್ಮ ಶಾಲೆಯಲ್ಲಿ ಕರೆಂಟ್ ಇರಲಿಲ್ಲ. ಅಲ್ಲೇ ಸಂಗೀತ ಟೀಚರಾಗಿದ್ದ ನನ್ನ ಹೆಂಡತಿ ತೀರಿಕೊಂಡ ಮೇಲೂ, ಅವಳು ಮೊಬೈಲಿನಲ್ಲಿ ಹಾಡಿಟ್ಟ ಪ್ರಾರ್ಥನೆಯನ್ನೇ ಬೆಳಿಗ್ಗೆ ಹಾಕುತ್ತಿದ್ದೆವು. ಅಂದು ಸ್ಪೀಕರನ್ನು ಕಾರ್ ಬ್ಯಾಟರಿಗೆ ಜೋಡಿಸಿದರೆ ಅವಳ ದನಿ ಹಿಂದಿನ ಸಾಲಿಗೆ ಮುಟ್ಟಲಿಲ್ಲ.

"ನಾಳೆಯಿಂದ ಮಕ್ಕಳೇ ಹಾಡಲಿ ಬಿಡಿ," ಎಂದರು ಹೆಡ್‌ಮಾಸ್ಟರು.

ಮಧ್ಯಾಹ್ನವೇ ಎಲ್ಲವನ್ನೂ ಆಟೋದಲ್ಲಿ ಹಾಕಿಕೊಂಡು ಓಲ್ಡ್ ಟೌನಿನ ರೇಡಿಯೊ ರಿಪೇರಿ ರಫೀಕನ ಹತ್ತಿರ ಹೋದೆ.

"ಹನ್ನೆರಡು ವೋಲ್ಟಲ್ಲಿ ಇದು ಎಷ್ಟಂತ ಕೂಗುತ್ತೆ ಮೇಷ್ಟ್ರೇ? ವಾಲ್ಯೂಮ್ ತಿರುಗಿಸಿದ್ರೆ ಗೊರಗೊರ ಅನ್ನುತ್ತೆ, ಅಷ್ಟೆ," ಎಂದು ನಕ್ಕ. ಆಮೇಲೆ ಸ್ಪೀಕರಿನ ಎರಡು ತಂತಿಗೂ ಒಂದೊಂದು ಆಂಪ್ಲಿಫೈಯರ್ ಕೊಟ್ಟ. ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದಂತೆ. ಅದೇ ಬ್ಯಾಟರಿಯಲ್ಲಿ ಅವಳ ದನಿ ಬೀದಿಯವರೆಗೂ ಕೇಳಿಸಿತು.

ಹಾಡು ಮುಗಿದ ಮೇಲೆ, ಇಷ್ಟು ದಿನ ಕೇಳಿಸದಿದ್ದ ಮೆಲುಮಾತೊಂದು ಬಂತು: "ರೀ, ಬಿಸಿಲಲ್ಲಿ ಯಾಕೆ ನಿಂತಿದೀರಿ? ಒಳಗೆ ಬನ್ನಿ."

"ಟೀಚರಮ್ಮ ಹಾಡೋವಾಗ್ಲೂ ನಿಮ್ಮನ್ನ ಬಿಡ್ತಿರಲಿಲ್ಲ ಅನ್ನಿ!" ಎಂದ ರಫೀಕ್.

"ಇದನ್ನು ಹಾಡಿದ ದಿನ ನಾನು ಮೌಲ್ಯಮಾಪನಕ್ಕೆ ಶಿವಮೊಗ್ಗಕ್ಕೆ ಹೋಗಿದ್ದೆ," ಎಂದೆ. "ಮನೆಯಲ್ಲಿ ಅವಳೊಬ್ಬಳೇ ಇದ್ದಳು."

ರಫೀಕ್ ನಗು ನಿಲ್ಲಿಸಿ ಸ್ಪೀಕರನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

ಅವನ ಅಂಗಡಿಯೊಳಗೆ ಒಬ್ಬರು ಕೂರುವಷ್ಟೇ ಜಾಗ. ನಾನು ಹೊರಗೆ, ಬಿಸಿಲಿನಲ್ಲಿ ನಿಂತಿದ್ದೆ.