ಮೂರೂವರೆ ಇರಬೇಕಾದಲ್ಲಿ ಮುಕ್ಕಾಲು

ಆ ವಾರದಲ್ಲಿ ಒಂದೇ ರಿಪೇರಿಗೆಂದು ಶಿಕಾರಿಪುರದಿಂದ ಸೊರಬಕ್ಕೆ ಹೊರಟಿದ್ದು ಅದು ಮೂರನೆಯ ಸಲ. ತೊಡೆಯ ಮೇಲೆ ಸ್ಕ್ರೂಡ್ರೈವರ್ ಚೀಲ, ಕಾಲಿನ ಸಂದಿಯಲ್ಲಿ ಬಿಡಿಭಾಗಗಳ ಡಬ್ಬಿ. ಶಿರಾಳಕೊಪ್ಪದಲ್ಲಿ ಸಂತೆಯ ದಿನವಾದ್ದರಿಂದ ಬಸ್ಸು ಇಪ್ಪತ್ತು ನಿಮಿಷ ನಿಂತೇ ನಿಂತಿತು. ಮೂಟೆ, ಬುಟ್ಟಿ, ಜನ ಎಲ್ಲ ನನ್ನ ಮೇಲೆಯೇ ಹತ್ತಿದ ಹಾಗಾಯಿತು. ಕಂಪ್ಯೂಟರ್ ಜೋಡಿಸುವ ಕೆಲಸಕ್ಕೆ ಇಳಿದು ಇಪ್ಪತ್ತು ವರ್ಷದ ಮೇಲಾಗಿದೆ. ಬೇಜಾರು ಎಷ್ಟೋ ಸಲ ಬಂದಿತ್ತು, ಆದರೆ ಇನ್ನು ಸಾಕು ಅನ್ನಿಸಿದ್ದು ಆ ಬಸ್ಸಿನಲ್ಲಿ.

ಸೊರಬದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಬ್ಬ ಹೆಣ್ಣುಮಗಳು ಚಿಕ್ಕದೊಂದು ಕಂಪ್ಯೂಟರ್ ಅಂಗಡಿ ಇಟ್ಟಿದ್ದಾರೆ. ಪಹಣಿ ತೆಗೆದುಕೊಡುತ್ತಾರೆ, ಅರ್ಜಿ ತುಂಬುತ್ತಾರೆ, ಲಗ್ನಪತ್ರಿಕೆ ಟೈಪ್ ಮಾಡುತ್ತಾರೆ. ಹದಿನೈದು ವರ್ಷದಿಂದ ಅವರ ಯಂತ್ರಗಳಿಗೆಲ್ಲ ನಾನೇ ಡಾಕ್ಟರು. ನನ್ನನ್ನು ಅಣ್ಣ ಅನ್ನುತ್ತಾರೆ. ಹಳೆಯ ಯಂತ್ರ ಒಂದು ಪಹಣಿ ತೆರೆಯುವಷ್ಟರಲ್ಲಿ ರೈತರು ಎದುರಿಗೆ ಹೋಗಿ ಚಹಾ ಕುಡಿದು ಬರುತ್ತಿದ್ದರು. ಕೆಲವರು ಬೇರೆ ಅಂಗಡಿ ಹಿಡಿದರು. ಅದಕ್ಕೇ ಈ ಸಲ ಹೊಸದೊಂದು ಜೋಡಿಸಿಕೊಡಿ ಎಂದಿದ್ದರು. ಅಂಗಡಿಯ ಮಾಡು ತಗಡಿನದು, ಬೇಸಿಗೆಯಲ್ಲಿ ಒಳಗೆ ಕೂರಲಾಗುವುದಿಲ್ಲ, ಪ್ರೊಸೆಸರ್ ತಣ್ಣಗಿಡುವ ಫ್ಯಾನು ಒಳ್ಳೆಯದನ್ನೇ ಹಾಕಿ ಎಂದೂ ಹೇಳಿದ್ದರು. ಹಾಕಿದೆ. ತಂದು ಇಟ್ಟ ದಿನ ಎಲ್ಲ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಫೋನು.

"ಅಣ್ಣಾ, ಪ್ರೊಸೆಸರ್ ಡಬ್ಬಿ ಮೇಲೆ ಸ್ಪೀಡು ಮೂರೂವರೆ ಅಂತ ಬರ್ದಿದಾರೆ. ಇಲ್ಲಿ ಸ್ಕ್ರೀನಲ್ಲಿ ಸೊನ್ನೆ ಪಾಯಿಂಟ್ ಏಳು ಎಂಟು ಅಂತ ತೋರಿಸ್ತಾ ಇದೆ. ಅಂದ್ರೆ ಮುಕ್ಕಾಲಷ್ಟೇ. ಯಾಕೆ?"

ಡಬ್ಬಿಯ ಮೇಲಿನ ಬರಹವನ್ನು ಓದುವವರು ನನ್ನ ಗಿರಾಕಿಗಳಲ್ಲಿ ಇವರೊಬ್ಬರೇ. ಲಗ್ನಪತ್ರಿಕೆಯಲ್ಲಿ ಒಂದು ಒತ್ತಕ್ಷರ ಬಿಟ್ಟುಹೋದರೂ ಹಿಡಿಯುವ ಕಣ್ಣು ಅದು. "ಸೆಟ್ಟಿಂಗ್ ಇರ್ತೈತ್ರೀ, ಬಂದು ಮಾಡ್ತೀನಿ" ಅಂದೆ. ಗೊತ್ತಾಗದ್ದಕ್ಕೆಲ್ಲ ನಮ್ಮ ಕಸುಬಿನಲ್ಲಿ ಸೆಟ್ಟಿಂಗ್ ಎಂದೇ ಹೆಸರು.

ಮೊದಲ ಸಲ ಹೋದಾಗ ಆಫ್ ಮಾಡಿ ಆನ್ ಮಾಡಿದೆ. ಶುರುವಿನಲ್ಲಿ ಮೂರೂವರೆ ಸರಿಯಾಗೇ ಬಂತು. ಕರೆಂಟು ಉಳಿಸುವ ಸೆಟ್ಟಿಂಗೊಂದು ಚಾಲೂ ಇತ್ತು, ಅದನ್ನು ತೆಗೆದು, ಆಯಿತು ಎಂದು ಬಸ್ಸು ಹತ್ತಿದೆ. ಶಿರಾಳಕೊಪ್ಪ ಬರುವ ಮೊದಲೇ ಮತ್ತೆ ಫೋನು. ಮತ್ತೆ ಮುಕ್ಕಾಲು.

ಎರಡನೆಯ ಸಲ ಹೋದಾಗ ಅರ್ಧ ದಿನ ಕೂತೆ. ಯಂತ್ರ ಆನ್ ಆಗುವಾಗ ಒಳಗಿನ ಭಾಗಗಳನ್ನು ಗುರುತು ಹಿಡಿಯುವ ಒಂದು ಮೂಲ ಪ್ರೋಗ್ರಾಮ್ ಇರುತ್ತದೆ. ಅದು ಹಳೆಯದಾಗಿದ್ದರೆ ಹೊಸ ಪ್ರೊಸೆಸರಿನ ವೇಗವನ್ನು ತಪ್ಪಾಗಿ ಓದುವುದುಂಟು. ಅದನ್ನು ಹೊಸದು ಮಾಡಿದೆ. ಮೆಮೊರಿ ಬದಲಿಸಿದೆ. ಯುಪಿಎಸ್ ಬದಲಿಸಿದೆ. ಗೋಡೆಯ ಪ್ಲಗ್ಗನ್ನೂ ಒಂದು ಸುತ್ತು ಬೈದೆ. ಪ್ರೊಸೆಸರಿನ ಬಿಸಿ ತೋರಿಸುವ ಅಂಕಿ ತೊಂಬತ್ತೈದು ದಾಟಿ ನಿಂತಿತ್ತು. ಅಷ್ಟು ಬಿಸಿಯಾದರೆ ಪ್ರೊಸೆಸರ್ ಸುಟ್ಟುಹೋಗಬಾರದೆಂದು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಫ್ಯಾನು ಬಿಚ್ಚಿ ನೋಡದೆ ತಪ್ಪನ್ನು ಅವರ ಮಾಡಿನ ತಗಡಿನ ಮೇಲೆ ಹಾಕಿದೆ.

ಅವರ ಟೇಬಲ್ ಫ್ಯಾನನ್ನು ಎತ್ತಿ ಯಂತ್ರದ ಕಡೆ ತಿರುಗಿಸಿಟ್ಟೆ. ಅವರು ಸೆರಗಿನಲ್ಲಿ ಕತ್ತು ಒರೆಸಿಕೊಳ್ಳುತ್ತ ಪಹಣಿ ತೆಗೆದರು. ಬೆಂಚಿನ ಮೇಲೆ ಕೂತಿದ್ದ ಮುದುಕರೊಬ್ಬರು, "ಇದ್ಕೂ ಸೆಕೆ ಆಗ್ತದನಾ ಮಾರಾಯಾ" ಅಂದರು. ಮುಕ್ಕಾಲು ಇದ್ದದ್ದು ಒಂದೂಕಾಲು ಆಯಿತು. ನಾನು ಗೆದ್ದವನ ಹಾಗೆ ಅಂಗಡಿಯವರ ಮುಖ ನೋಡಿದೆ.

ಮುದುಕರು ಪಹಣಿ ತೆಗೆದುಕೊಂಡು ಹೋದ ಮೇಲೆ ಅವರು ಫ್ಯಾನನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕಬೇಡಿ. ಒಳಗೆ ಹಳೇ ಮಾಲು ಹಾಕೀರೇನ್ರಿ?"

ಅಣ್ಣ ಅನ್ನಲಿಲ್ಲ. ಅರೆಗೋಡೆಯ ಆಚೆ ಹೊಲಿಗೆ ಅಂಗಡಿಯ ಮಿಷನ್ನಿನ ಸದ್ದೂ ನಿಂತಿತು. ನನಗೆ ಸಿಟ್ಟು ಬೇಗ ಬರುತ್ತದೆ, ಮನೆಯವರೂ ಹೇಳುತ್ತಾರೆ. ಯಂತ್ರದ ಪಕ್ಕದ ಗಾಜಿಗೆ ಇನ್ನೂ ಅಂಟಿಕೊಂಡೇ ಇದ್ದ ಪ್ಲಾಸ್ಟಿಕ್ ಹಾಳೆಯನ್ನು ಉಗುರಿನಿಂದ ಮೀಟಿ ತೋರಿಸಿದೆ. "ನೋಡ್ರೀ, ಒಂದು ಪ್ಲಾಸ್ಟಿಕ್ ಆದ್ರೂ ಕಿತ್ತೀನಾ? ಹಳೇ ಮಾಲಿಗೆ ಇದು ಇರ್ತೈತೇನ್ರೀ?"

"ಹೊರಗಿಂದು ಕಾಣ್ತದೆ. ಒಳಗಿಂದು ನಂಗೇನು ಗೊತ್ತು?"

ಈ ಪ್ಲಾಸ್ಟಿಕ್ಕಿನ ವಿಷಯ ಹೇಳಬೇಕು. ನಮ್ಮ ಎರಡೂ ತಾಲ್ಲೂಕಿನಲ್ಲಿ ಹೊಸ ಸಾಮಾನಿನ ಪ್ಲಾಸ್ಟಿಕ್ಕನ್ನು ಯಾರೂ ಸುಮ್ಮನೆ ಕೀಳುವುದಿಲ್ಲ. ಫ್ರಿಜ್ಜಿನ ಬಾಗಿಲಿನದು ಮಾಸಿ ಹಳದಿಯಾದರೂ ಇರುತ್ತದೆ, ಟಿವಿ ರಿಮೋಟು ಕವರಿನೊಳಗೇ ಮುದಿಯಾಗುತ್ತದೆ. ಅಂಗಡಿ ಹಾಕಿದ ಹೊಸದರಲ್ಲಿ ನಾನೊಂದು ಮಾನಿಟರಿನ ಹಾಳೆ ಕಿತ್ತು, ಚೆನ್ನಾಗಿ ಒರೆಸಿ ಕೊಟ್ಟಿದ್ದೆ. ಬಳಸಿದ್ದನ್ನು ತಂದಿದ್ದೀಯ ಎಂದು ಆ ಗಿರಾಕಿ ಬೀದಿಯಲ್ಲಿ ನಿಂತು ಕೂಗಾಡಿದ್ದರು. ಅಂದಿನಿಂದ ನನ್ನ ಕೈಯಿಂದ ಒಂದು ಪ್ಲಾಸ್ಟಿಕ್ಕೂ ಕಿತ್ತುಹೋಗಬಾರದು ಎಂದು ನಿಯಮ ಮಾಡಿಕೊಂಡೆ. ಕೀಳುವುದಿದ್ದರೆ ಗಿರಾಕಿಯೇ ಕೀಳಲಿ. ಅದನ್ನು ಹೆಮ್ಮೆಯಿಂದ ಹೇಳಿಕೊಂಡೂ ತಿರುಗಿದೆ.

ಹಳೇ ಮಾಲು ಎಂಬ ಮಾತು ರಾತ್ರಿ ಊಟಕ್ಕೆ ಕೂತಾಗಲೂ ತಲೆಯಲ್ಲಿ ತಿರುಗುತ್ತಿತ್ತು. ಈಗ ಜನ ಫೋನಿನಲ್ಲೇ ಲ್ಯಾಪ್‌ಟಾಪ್ ತರಿಸಿಕೊಳ್ಳುತ್ತಾರೆ. ನನ್ನ ಹತ್ತಿರ ಜೋಡಿಸಿಕೊಳ್ಳುವವರು ಬರುವುದು ಇವನು ಮೋಸ ಮಾಡುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಅದೂ ಹೋದರೆ ನನ್ನ ಅಂಗಡಿಯಲ್ಲಿ ಉಳಿಯುವುದು ವೈರುಗಳು ಮತ್ತು ಧೂಳು. ಅದಕ್ಕೇ ಮೂರನೆಯ ಸಲ ಬಸ್ಸು ಹತ್ತಿದೆ. ಬೇರೆ ಪ್ರೊಸೆಸರನ್ನೂ ತಂದಿದ್ದೆ. ಎರಡನ್ನೂ ಅವರ ಕಣ್ಣೆದುರಿಗೇ ಬದಲಿಸಿ ತೋರಿಸುತ್ತೇನೆ ಎಂಬ ಹಟ.

"ನಿಮ್ಮ ಮುಂದೇ ಬಿಚ್ತೀನ್ರೀ, ಕೂತು ನೋಡ್ರೀ" ಅಂದೆ.

"ನೋಡಿದ್ರೂ ನಂಗೇನು ತಿಳೀತದೆ? ಕಾಗದ ಮುಗ್ದಿದೆ, ತರ್ತೀನಿ" ಎಂದು ಅವರು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಒಬ್ಬನೇ ಬಿಚ್ಚಿದೆ. ಪ್ರೊಸೆಸರಿನ ಮೇಲೆ ಒಂದು ಲೋಹದ ದಿಮ್ಮಿ, ಅದಕ್ಕೆ ಫ್ಯಾನು. ಕೆಳಗಿನ ಬಿಸಿ ಆ ಲೋಹಕ್ಕೆ ಏರಬೇಕು, ಅದಕ್ಕೆ ನಡುವೆ ಸ್ವಲ್ಪ ಪೇಸ್ಟು ಹಚ್ಚುತ್ತೇವೆ. ದಿಮ್ಮಿಯನ್ನು ಎತ್ತಿ ಬೆಳಕಿಗೆ ಹಿಡಿದೆ. ತಲೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿದೆ. ತಳದಲ್ಲಿ ತೆಳ್ಳನೆಯ, ನೀರಿನ ಬಣ್ಣದ ಒಂದು ಹಾಳೆ, ಅದರ ಮೂಲೆಯಲ್ಲಿ ತೆಗೆಯಿರಿ ಎಂದು ತೋರಿಸುವ ಚಿಕ್ಕ ಬಾಣದ ಗುರುತು. ಪ್ಲಾಸ್ಟಿಕ್ಕು. ಪೇಸ್ಟನ್ನೆಲ್ಲ ನಾನು ಅದರ ಮೇಲೆಯೇ ಕೂರಿಸಿದ್ದೆ, ಬಿಸಿ ಲೋಹಕ್ಕೆ ಏರಲು ದಾರಿಯೇ ಇರಲಿಲ್ಲ.

ನೂರಾರು ಸಲ ಅಲ್ಲಿಂದ ಹಾಳೆ ಕಿತ್ತಿದ್ದೇನೆ. ಹೊರಗಿನದನ್ನು ಉಳಿಸಬೇಕು, ಇದನ್ನು ಕೀಳಬೇಕು, ಇಷ್ಟನ್ನು ಕೈ ತಾನೇ ಬೇರೆ ಮಾಡುತ್ತಿತ್ತು. ಈ ಸಲ ಮಾಡಲಿಲ್ಲ. ಕಣ್ಣು ಮಂಜು, ಮನಸ್ಸು ಎಲ್ಲೋ, ಕೈ ತನ್ನ ನಿಯಮವನ್ನಷ್ಟೇ ಪಾಲಿಸಿತ್ತು. ನಾಚಿಕೆಗಿಂತ ಹೆಚ್ಚಾಗಿ ಸುಸ್ತಾಯಿತು. ಹಾಳೆಯನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡೆ. ಒರೆಸಿ, ಹೊಸ ಪೇಸ್ಟು ಹಚ್ಚಿ, ದಿಮ್ಮಿ ಕೂರಿಸಿ ಮುಚ್ಚಿದೆ. ಮೂರೂವರೆ ಬಂತು. ಹತ್ತು ನಿಮಿಷ ಕಾದೆ, ಮತ್ತೆ ಹತ್ತು ನಿಮಿಷ. ಕದಲಲಿಲ್ಲ. ಬಿಸಿ ಐವತ್ತರ ಆಸುಪಾಸಿನಲ್ಲಿತ್ತು.

ಅವರು ಕಾಗದದ ಕಟ್ಟು ಇಳಿಸಿ ಪರದೆ ನೋಡಿದರು. ಒಂದರ ಹಿಂದೆ ಒಂದು ನಾಲ್ಕು ಪಹಣಿ ತೆಗೆದರು. ಅಂಕಿ ಇದ್ದಲ್ಲೇ ಇತ್ತು.

"ಏನಾಗಿತ್ತು?"

"ಸೆಟ್ಟಿಂಗು" ಅಂದೆ.

ಅವರು ಕುರ್ಚಿಯಲ್ಲಿ ನನ್ನ ಕಡೆ ತಿರುಗಿದರು. "ತಪ್ಪಾಯ್ತು ಅಣ್ಣಾ. ನಿಮ್ಮ ಮೇಲೆ ಅನುಮಾನ ಪಡಬಾರ್ದಿತ್ತು. ಹೊಲಿಗೆ ಅಂಗಡಿ ಅಕ್ಕನ ಹತ್ರ ಬಾಯಿಬಿಟ್ಟು ಹೇಳಿಯೂ ಬಿಟ್ಟೆ, ಶಿಕಾರಿಪುರದವ್ರು ಹಳೇ ಮಾಲು ಹಾಕಿ ಮೋಸ ಮಾಡಿದ್ರು ಅಂತ. ಎಷ್ಟು ಜನಕ್ಕೆ ಹೇಳಿದಾರೋ ಅವ್ರು. ನಂಗೆ ನಿದ್ದೇನೇ ಬಂದಿಲ್ಲ."

ನಾನು ಸುಮ್ಮನೆ ಹೂಂ ಎಂದು ಚೀಲ ಕಟ್ಟಬಹುದಿತ್ತು. ಇಷ್ಟು ವರ್ಷ ಯಾರಿಗೂ ಮೋಸ ಮಾಡಿಲ್ಲ ಎಂದು ಹೇಳಿಕೊಂಡವನು ನಾನು. ಆ ಹೆಣ್ಣುಮಗಳು ತಪ್ಪಾಯ್ತು ಅನ್ನುವಾಗ ಸುಮ್ಮನಿದ್ದರೆ ಅದೇ ಮೊದಲನೆಯ ಮೋಸವಾಗುತ್ತಿತ್ತು. ಜೇಬಿನಿಂದ ಹಾಳೆ ತೆಗೆದು ಕೀಬೋರ್ಡಿನ ಮೇಲಿಟ್ಟೆ. ಎಲ್ಲಿತ್ತು, ಯಾರು ಬಿಟ್ಟಿದ್ದು, ಎಲ್ಲ ಹೇಳಿದೆ. ಹೇಳುವಾಗ ಅವರ ಮುಖ ನೋಡಲಾಗಲಿಲ್ಲ.

ಅವರು ಹಾಳೆಯನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದರು. ನಗುತ್ತಾರೆ ಅಂದುಕೊಂಡೆ, ನಗಲಿಲ್ಲ.

"ಈಗ ಆ ಅಕ್ಕಂಗೆ ಏನು ಹೇಳ್ಲಿ? ಮೋಸ ಅಲ್ಲ ಅಂದ್ರೆ ಮತ್ತೇನು ಅಂತ ಕೇಳೇ ಕೇಳ್ತಾರೆ."

ಮೋಸಗಾರನ ಹತ್ತಿರ ಚೌಕಾಸಿ ಮಾಡಿ, ಎದುರು ಕೂತು ಕಣ್ಣಿಟ್ಟು ಕೆಲಸ ಮಾಡಿಸಿಕೊಳ್ಳುವ ಜನ ನಮ್ಮ ಕಡೆ ಬೇಕಾದಷ್ಟು ಇದ್ದಾರೆ. ಕೈ ತಪ್ಪುವವನ ಅಂಗಡಿಯ ಮೆಟ್ಟಿಲನ್ನು ಯಾರೂ ತುಳಿಯುವುದಿಲ್ಲ. ನನಗೆ ಅದು ಚೆನ್ನಾಗಿ ಗೊತ್ತಿತ್ತು.

"ಇದ್ದದ್ದು ಹೇಳ್ರೀ" ಅಂದೆ.

ಅವರು ಸ್ಟೂಲಿನ ಮೇಲೆ ಹತ್ತಿ, ಅರೆಗೋಡೆಯ ಮೇಲಿಂದ ಆಚೆ ಬಗ್ಗಿ, ಓಣಿಗೆಲ್ಲ ಕೇಳುವ ಹಾಗೆ ಕೂಗಿದರು:

"ಅಕ್ಕಾ, ಹಳೇ ಮಾಲಲ್ಲಂತೆ! ಎಲ್ಲ ಹೊಸದೇ ಅಂತೆ! ಇವ್ರಿಗೇ ಜೋಡಿಸೋಕೆ ಸರಿಯಾಗಿ ಬಂದಿಲ್ಲಂತೆ!"

ಮಿಷನ್ನಿನ ಸದ್ದು ನಿಂತಿತು. ಹೊಲಿಗೆ ಅಂಗಡಿಯಾಕೆ ಗೋಡೆಯ ಮೇಲೆ ತಲೆ ಎತ್ತಿ, ನಿಜವಾ ಎಂಬ ಹಾಗೆ ನನ್ನನ್ನೇ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.